ಹರಿಕೇನ್ ಬರುತ್ತಿದೆ: ಮನೆ ಬಿಡೋದಾ? ಬಿಟ್ಟರೆ ಎಲ್ಲಿಗೆ?

ಪ್ರಶ್ನೆ: ನಾವು ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದೇವೆ. ಎರಡು ಮಹಡಿಯ ಸ್ವಂತ ಟೌನ್‌ಹೌಸ್. ಟ್ಯಾಂಪಾ ಬೇ ಕೊಲ್ಲಿಯ ನೀರಿನಿಂದ ಒಂದು ಮೈಲಿ ದೂರ ಇರಬಹುದು. ಕೌಂಟಿಯ ನಕ್ಷೆಯಲ್ಲಿ ನಮ್ಮದು ‘ಬಿ’ ಝೋನ್. ಇನ್ಶೂರೆನ್ಸ್‌ನವರು ಮಾತ್ರ ‘ನಿಮ್ಮದು ಎಕ್ಸ್ ಝೋನ್, ಫ್ಲಡ್ ಇನ್ಶೂರೆನ್ಸ್ ಕಡ್ಡಾಯ ಅಲ್ಲ’ ಅಂದಿದ್ದಾರೆ. 2024ರಲ್ಲಿ ಹೆಲೀನ್ ಚಂಡಮಾರುತ ಬಂದಾಗ ನೀರು ನಮ್ಮ ಬೀದಿಯ ತುದಿಗೆ ಬಂದು ನಿಂತಿತು. ಎರಡು ವಾರ ಕಳೆಯುವುದರೊಳಗೆ ಮಿಲ್ಟನ್. ಹೆದರಿ ಅಟ್ಲಾಂಟಾಕ್ಕೆ ಹೊರಟೆವು, ಹದಿನಾರು ಗಂಟೆ ಹಿಡಿಯಿತು. ವಾಪಸ್ ಬಂದು ನೋಡಿದರೆ ಮನೆಯಲ್ಲಿ ಒಂದು ಹನಿ ನೀರಿಲ್ಲ. ಈಗ ಅಪ್ಪ-ಅಮ್ಮ ಶಿವಮೊಗ್ಗದಿಂದ ಬಂದಿದ್ದಾರೆ. ಅಪ್ಪನಿಗೆ 74, ಇನ್ಸುಲಿನ್ ತಗೊಳ್ಳುತ್ತಾರೆ. ಅಮ್ಮನಿಗೆ ಮಂಡಿನೋವು. ಮಗಳಿಗೆ 5 ವರ್ಷ. ‘ಮತ್ತೆ ಆ ಡ್ರೈವ್ ನನ್ನ ಕೈಲಾಗಲ್ಲ, ಮೇಲೆ ಮಹಡಿ ಇದೆಯಲ್ಲ’ ಅಂತ ನಮ್ಮ ಮನೆಯವರು. ‘ತುಂಗೆಯ ನೆರೆ ನೋಡಿದವನು ನಾನು, ಇದೇನು ಮಹಾ’ ಅಂತ ಅಪ್ಪ. ಕೊಲ್ಲಿಯ ಆಚೆ ಬ್ರ್ಯಾಂಡನ್‌ನಲ್ಲಿ ಸ್ನೇಹಿತರ ಮನೆ ಇದೆ, ಒರ್ಲ್ಯಾಂಡೊದಲ್ಲಿ ನನ್ನ ಚಿಕ್ಕಪ್ಪನ ಮಗ ಇದ್ದಾನೆ. ಈ ಸಲ ಬಂದರೆ ಹೊರಡಬೇಕಾ? ಹೊರಟರೆ ಎಲ್ಲಿಗೆ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಮಿಲ್ಟನ್ ಮೇಲೆ ಅಲ್ಲ, ಹೆಲೀನ್ ಮೇಲೆ. ‘ನೀರು ಬೀದಿಯ ತುದಿಗೆ ಬಂದು ನಿಂತಿತು’ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಆಮೇಲೆ ಅಟ್ಲಾಂಟಾ ದಾರಿಯ ಕಷ್ಟ ಹೇಳಿದ್ದೀರಿ. ನಿಮ್ಮ ಮನೆಯಲ್ಲಿ ನಡೆಯುತ್ತಿರುವ ವಾದ ಕೂಡ ಆ ಡ್ರೈವ್ ಬಗ್ಗೆಯೇ. ಅದು ನ್ಯಾಯವೇ, ಹದಿನಾರು ಗಂಟೆ ಮಗುವನ್ನು ಕಟ್ಟಿಕೊಂಡು ಕೂತವರಿಗೆ ಗೊತ್ತು. ಆದರೆ ನೀವು ತೀರ್ಮಾನಿಸಬೇಕಾದದ್ದು ಆ ಬೀದಿ ತುದಿಯ ನೀರಿನ ಬಗ್ಗೆ.

ನಾನು ಹಲವು ವರ್ಷಗಳಿಂದ ಫ್ಲಾರಿಡಾದಲ್ಲಿ ಸ್ಥಳಾಂತರ ಯೋಜನೆಯ ಕೆಲಸ ಮಾಡುತ್ತಿದ್ದೇನೆ. ಯಾರು ಹೊರಡಬೇಕು, ಯಾವ ರಸ್ತೆಯಲ್ಲಿ, ಎಷ್ಟು ಹೊತ್ತಿನೊಳಗೆ ಅನ್ನುವ ಲೆಕ್ಕ ನಮ್ಮದು. ಈ ಕೆಲಸದಲ್ಲಿ ಮೊದಲ ದಿನ ಹೇಳಿಕೊಡುವುದು ಇಷ್ಟೇ: ಗಾಳಿ ಬಂದರೆ ಒಳಗೆ ಅಡಗು, ನೀರು ಬಂದರೆ ಜಾಗ ಬಿಡು. ಜನ ಮಾಡುವುದು ಇದರ ಉಲ್ಟಾ. ಟಿವಿಯಲ್ಲಿ ‘ಕೆಟಗರಿ 4’ ಅಂದ ಕೂಡಲೇ ಐವತ್ತು ಮೈಲಿ ಒಳನಾಡಿನ ಗಟ್ಟಿ ಕಾಂಕ್ರೀಟ್ ಮನೆಯವರು ಗಂಟುಮೂಟೆ ಕಟ್ಟುತ್ತಾರೆ. ‘ಕೆಟಗರಿ 1’ ಅಂದರೆ ನೀರಿನ ದಂಡೆಯವರು ಸುಮ್ನೆ ಕೂರುತ್ತಾರೆ.

ಆ ಕೆಟಗರಿ ಇದೆಯಲ್ಲ, ಅದು ಬರೀ ಗಾಳಿಯ ಅಳತೆ. ಗಂಟೆಗೆ 74 ಮೈಲಿ ದಾಟಿದರೆ 1, 157 ಮುಟ್ಟಿದರೆ 5. ಸಮುದ್ರ ಎಷ್ಟು ಉಕ್ಕುತ್ತದೆ, ಮಳೆ ಎಷ್ಟು ಸುರಿಯುತ್ತದೆ ಅನ್ನುವುದು ಅದರಲ್ಲಿ ಇಲ್ಲವೇ ಇಲ್ಲ. ಹೆಲೀನ್ ನೋಡಿ. ಅದರ ಕಣ್ಣು, ಅಂದರೆ ನಡುಮಧ್ಯ, ನಿಮ್ಮ ಸೇಂಟ್ ಪೀಟ್‌ನಿಂದ ನೂರು ಮೈಲಿಗೂ ಆಚೆ ಸಮುದ್ರದಲ್ಲಿ ಹಾದು, ಉತ್ತರದಲ್ಲಿ ಪೆರಿ ಅನ್ನುವ ಊರಿನ ಹತ್ತಿರ ದಡ ಸೇರಿತು. ನಿಮ್ಮ ಊರಿನಲ್ಲಿ ಬೀಸಿದ ನಿರಂತರ ಗಾಳಿ ಹರಿಕೇನ್ ಮಟ್ಟಕ್ಕೂ ಏರಲಿಲ್ಲ. ಆದರೂ ಕೊಲ್ಲಿಯ ನೀರು ಮಾಮೂಲಿ ಉಬ್ಬರಕ್ಕಿಂತ 6 ಅಡಿಗೂ ಮೇಲೆ ಬಂತು. ನಿಮ್ಮ ಜಿಲ್ಲೆಯಾದ ಪಿನೆಲಾಸ್ ಕೌಂಟಿ ಒಂದರಲ್ಲೇ 12 ಜನ ಹೋದರು.

ಆ ವಾರ ನಾನು ಒಳಗೆ ಹೋಗಿ ನೋಡಿದ ಒಂದು ಮನೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಿಟಕಿಯ ಒಂದು ಗಾಜೂ ಒಡೆದಿಲ್ಲ, ಹೆಂಚೂ ಹಾರಿಲ್ಲ. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ ಅನ್ನಬೇಕು. ಬಾಗಿಲು ತಳ್ಳಿದರೆ ತೆರೆಯುತ್ತಿಲ್ಲ. ಫ್ರಿಜ್ ತೇಲಿಕೊಂಡು ಬಂದು ಬಾಗಿಲಿಗೆ ಅಡ್ಡ ಬಿದ್ದಿತ್ತು. ಗೋಡೆಯ ಮೇಲೆ ಸ್ವಿಚ್ ಬೋರ್ಡ್ ಎತ್ತರಕ್ಕೆ, ದಾರ ಹಿಡಿದು ಎಳೆದ ಹಾಗೆ ಕಂದು ಗೆರೆ. ರಾತ್ರಿ ಮಲಗುವಾಗ ಹೊರಗೆ ಬರೀ ಗಾಳಿ ಇತ್ತಂತೆ. ಎದ್ದು ಕಾಲು ಕೆಳಗಿಟ್ಟರೆ ನೀರು.

ಹೀಗೆ ಯಾಕೆ ಆಗುತ್ತದೆ? ಫ್ಲಾರಿಡಾದ ಪಶ್ಚಿಮ ದಂಡೆಯಲ್ಲಿ ಸಮುದ್ರದ ತಳ ಬಹಳ ದೂರದವರೆಗೆ ಆಳವೇ ಇಲ್ಲ, ತಟ್ಟೆಯ ಹಾಗೆ. ಗಾಳಿ ನೀರನ್ನು ದಡದ ಕಡೆ ತಳ್ಳಿದರೆ ಅದಕ್ಕೆ ಕೆಳಗೆ ಇಳಿದು ವಾಪಸ್ ಹೋಗಲು ಜಾಗವಿಲ್ಲ. ರಾಶಿ ಬಿದ್ದು ಊರೊಳಗೆ ನುಗ್ಗುತ್ತದೆ. ಇದನ್ನೇ ಇಲ್ಲಿ ಸರ್ಜ್ ಅನ್ನುವುದು. ಇಲ್ಲಿ ಚಂಡಮಾರುತ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಹಾಗಾಗಿ ಅದು ಪಶ್ಚಿಮದಿಂದ ಬಂದು ದಡ ಹತ್ತಿದರೆ, ಕಣ್ಣಿನ ದಕ್ಷಿಣಕ್ಕೆ ಗಾಳಿ ಸಮುದ್ರದಿಂದ ನೆಲಕ್ಕೆ ಬೀಸುತ್ತದೆ, ಉತ್ತರಕ್ಕೆ ನೆಲದಿಂದ ಸಮುದ್ರಕ್ಕೆ.

ಈಗ ಮಿಲ್ಟನ್‌ಗೆ ಬನ್ನಿ. ಅದರ ಕಣ್ಣು 2024ರ ಅಕ್ಟೋಬರ್ 9ರ ರಾತ್ರಿ ಸಿಯೆಸ್ಟಾ ಕೀ ಹತ್ತಿರ ದಡ ಹತ್ತಿತು. ಅದು ಟ್ಯಾಂಪಾ ಬೇ ಬಾಯಿಯಿಂದ ದಕ್ಷಿಣಕ್ಕೆ ಮೂವತ್ತು ಮೈಲಿಯೂ ಇಲ್ಲ. ನೀವು ಕಣ್ಣಿನ ಉತ್ತರಕ್ಕೆ ಬಿದ್ದಿರಿ. ಗಾಳಿ ಕೊಲ್ಲಿಯ ನೀರನ್ನು ಹೊರಗೆ ಎಳೆದುಕೊಂಡು ಹೋಯಿತು, ದಂಡೆಯ ಹತ್ತಿರ ತಳದ ಮಣ್ಣು ಕಂಡಿತು. ಅದೇ ಕಣ್ಣು ಅಷ್ಟೇ ದೂರ ಮೇಲೆ ಸರಿದಿದ್ದರೆ ಬೀದಿ ತುದಿಯಲ್ಲಿ ನಿಂತಿದ್ದ ನೀರು ನಿಮ್ಮ ಹಾಲ್‌ಗೆ ಬರುತ್ತಿತ್ತು. ‘ಹೋದದ್ದು ದಂಡ ಆಯಿತು’ ಅಂತ ನಿಮ್ಮ ಮನೆಯವರಿಗೆ ಅನಿಸುತ್ತಿರಬಹುದು. ಮನೆ ಒಣಗಿ ಉಳಿದದ್ದು ಆ ಮೂವತ್ತು ಮೈಲಿಯಿಂದ. ಎರಡು ದಿನ ಮುಂಚೆ ಅಷ್ಟು ನಿಖರವಾಗಿ ಹೇಳಲು ಇವತ್ತಿಗೂ ಯಾರಿಂದಲೂ ಆಗುವುದಿಲ್ಲ.

ಹಾಗಾಗಿ ಟಿವಿಯಲ್ಲಿ ತೋರಿಸುವ ಆ ಬಿಳಿ ಶಂಕು, ‘ಕೋನ್’ ಅನ್ನುತ್ತಾರಲ್ಲ, ಅದನ್ನು ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಅದು ಹೇಳುವುದು ಚಂಡಮಾರುತದ ಕಣ್ಣು ಎಲ್ಲಿ ಹಾದುಹೋಗಬಹುದು ಅಂತ ಮಾತ್ರ. ಅದೂ ಮೂರರಲ್ಲಿ ಎರಡು ಸಲ. ನೀರು ಎಲ್ಲಿಗೆ ಬರುತ್ತದೆ ಅನ್ನುವುದು ಅದರಲ್ಲಿಲ್ಲ. 2022ರಲ್ಲಿ ಇಯಾನ್ ಬಂದಾಗ ಎಲ್ಲರ ಬಾಯಲ್ಲೂ ಟ್ಯಾಂಪಾ, ಟ್ಯಾಂಪಾ. ಕೆಳಗೆ ಫೋರ್ಟ್ ಮೈಯರ್ಸ್ ಕಡೆಯವರು ‘ನಮಗಲ್ಲ’ ಅಂದುಕೊಂಡರು. ಅಲ್ಲಿ ಹೊರಡುವ ಆದೇಶ ಬಂದದ್ದೂ ಹಿಂದಿನ ದಿನ ಬೆಳಿಗ್ಗೆ. ಫೋರ್ಟ್ ಮೈಯರ್ಸ್ ಬೀಚ್‌ನಲ್ಲಿ 10ರಿಂದ 15 ಅಡಿ ನೀರು ಬಂತು. ಇಯಾನ್‌ನಲ್ಲಿ ಸರ್ಜ್ ಒಂದಕ್ಕೇ 41 ಜನ ಬಲಿಯಾದರು. ಟ್ಯಾಂಪಾ ಕಡೆಯಿಂದ ತಪ್ಪಿಸಿಕೊಳ್ಳಲು ದಕ್ಷಿಣಕ್ಕೆ ಓಡಿ, ಸರಿಯಾಗಿ ಅದರ ಬಾಯಿಗೇ ಬಿದ್ದವರೂ ಇದ್ದರು.

ನಿಮ್ಮ ಎರಡು ಝೋನ್‌ಗಳ ಗೊಂದಲ ಬಹಳ ಜನಕ್ಕಿದೆ. ಎಕ್ಸ್ ಅನ್ನುವುದು ಇನ್ಶೂರೆನ್ಸ್ ಮತ್ತು ಸಾಲದ ನಕ್ಷೆ. ವರ್ಷಕ್ಕೆ ನೂರರಲ್ಲಿ ಒಂದು ಪಾಲು ಸಾಧ್ಯತೆ ಇರುವ ನೆರೆ ಎಲ್ಲಿಯವರೆಗೆ ಬರುತ್ತದೆ ಅನ್ನುವ ಲೆಕ್ಕ ಅದು. ಎ, ಬಿ, ಸಿ ಅನ್ನುವುದು ಸ್ಥಳಾಂತರದ ನಕ್ಷೆ. ಚಂಡಮಾರುತ ಕೆಟ್ಟ ದಾರಿ ಹಿಡಿದು ಬಂದರೆ ಸರ್ಜ್ ಎಲ್ಲಿಯವರೆಗೆ ಮುಟ್ಟೀತು ಅನ್ನುವ ಲೆಕ್ಕ. ಎರಡರಲ್ಲೂ ಇಂಗ್ಲಿಷ್ ಅಕ್ಷರ ಇರುವುದೇ ಎಡವಟ್ಟು. ಹೊರಡಬೇಕಾ ಅನ್ನುವ ಪ್ರಶ್ನೆಗೆ ಎಕ್ಸ್ ನೋಡಲೇಬೇಡಿ. ನಿಮ್ಮದು ಬಿ. ಮಿಲ್ಟನ್ ಬಂದಾಗ ಪಿನೆಲಾಸ್‌ನಲ್ಲಿ ಎ, ಬಿ, ಸಿ ಮೂರಕ್ಕೂ ಆದೇಶ ಆಗಿತ್ತು, ನೆನಪಿರಬಹುದು. (ಹಾಗೆಯೇ ಒಂದು ಮಾತು. ಫ್ಲಡ್ ಇನ್ಶೂರೆನ್ಸ್ ಕಡ್ಡಾಯ ಅಲ್ಲ ಅಂದರೆ ಬೇಡ ಅಂತಲ್ಲ. ಮಾಮೂಲಿ ಮನೆ ಇನ್ಶೂರೆನ್ಸ್ ನೆರೆ ನೀರಿಗೆ ಕೊಡುವುದಿಲ್ಲ. ಸರ್ಕಾರದ ಪಾಲಿಸಿ ತಗೊಂಡರೂ ಸಾಮಾನ್ಯವಾಗಿ 30 ದಿನ ಕಾದ ಮೇಲೆಯೇ ಜಾರಿ. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಫೋನ್ ಮಾಡಿದರೆ ಆಗಲ್ಲ.)

ಸರಿ, ಮೇಲಿನ ಮಹಡಿ. ಇದನ್ನು ನಾನು ತಳ್ಳಿಹಾಕುವುದಿಲ್ಲ. ಹೊರಡಲು ಹೊತ್ತೇ ಇಲ್ಲದೆ ಸಿಕ್ಕಿಕೊಂಡರೆ ಮಹಡಿ ಜೀವ ಉಳಿಸುತ್ತದೆ. ಅಟ್ಟ ಮಾತ್ರ ಬೇಡವೇ ಬೇಡ, ಅಲ್ಲಿಂದ ಹೊರಗೆ ದಾರಿ ಇರುವುದಿಲ್ಲ. ಆದರೆ ಮಹಡಿಯನ್ನೇ ಮೊದಲ ಯೋಜನೆ ಮಾಡಿಕೊಂಡರೆ ಏನಾಗುತ್ತದೆ ಅಂತ ಒಂದೊಂದೇ ನೆನೆಸಿಕೊಳ್ಳಿ. ಕೆಳಗೆ ನೀರು, ಕರೆಂಟ್ ಇಲ್ಲ. ಗಾಳಿ ಜೋರಾದ ಮೇಲೆ 911ಕ್ಕೆ ಫೋನ್ ಮಾಡಿದರೂ ಆಂಬುಲೆನ್ಸ್ ಹೊರಡುವುದಿಲ್ಲ, ಅವರ ಸಿಬ್ಬಂದಿಯ ಜೀವವೂ ನೋಡಬೇಕಲ್ಲ. ಹೆಲೀನ್ ವೇಳೆ ಸೇಂಟ್ ಪೀಟ್‌ನ ಒಂದು ಕೊಳಚೆ ನೀರಿನ ಘಟಕ ನಿಲ್ಲಿಸಿ, ಆ ಭಾಗದ ಮನೆಯವರಿಗೆ ಫ್ಲಶ್ ಕೂಡ ಮಾಡಬೇಡಿ ಅಂದರು. ಮಿಲ್ಟನ್‌ನಲ್ಲಿ ಊರಿನ ಕುಡಿಯುವ ನೀರನ್ನೇ ಬಂದ್ ಮಾಡಬೇಕಾಯಿತು. ಮಂಡಿನೋವಿನ ಅಮ್ಮ, ಐದು ವರ್ಷದ ಮಗು, ಒಂದು ಕೋಣೆ, ಒಂದು ಬಕೆಟ್.

ಅದಕ್ಕಿಂತ ನನಗೆ ಹೆದರಿಕೆ ಆಗುವುದು ಆಮೇಲಿನ ಸೆಖೆ. ಮಿಲ್ಟನ್‌ನಲ್ಲಿ 30 ಲಕ್ಷಕ್ಕೂ ಹೆಚ್ಚು ಕಡೆ ಕರೆಂಟ್ ಹೋಯಿತು, ಕೆಲವು ಕಡೆ ದಿನಗಟ್ಟಲೆ. 2017ರಲ್ಲಿ ಇರ್ಮಾ ಆದ ಮೇಲೆ ದಕ್ಷಿಣ ಫ್ಲಾರಿಡಾದ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಎಸಿ ನಿಂತು 12 ಜನ ಸತ್ತರು. ಚಂಡಮಾರುತ ದಾಟಿ ಹೋಗಿತ್ತು, ಕಟ್ಟಡಕ್ಕೆ ಏನೂ ಆಗಿರಲಿಲ್ಲ. ತಂದೆಯವರಿಗೆ 74, ಸಕ್ಕರೆ ಕಾಯಿಲೆ. ನಿಮ್ಮ ಮನೆ ಝೋನ್‌ನ ಹೊರಗಿದ್ದಿದ್ದರೂ ಈ ಒಂದು ಕಾರಣಕ್ಕೆ ನಾನು ಯೋಚನೆ ಮಾಡುತ್ತಿದ್ದೆ. ಜನರೇಟರ್ ಇದೆ ಅನ್ನುವವರಿಗೆ ಒಂದು ಮಾತು: ಅದು ಗ್ಯಾರೇಜ್‌ನಲ್ಲೂ ಅಲ್ಲ, ಕಿಟಕಿಯ ಕೆಳಗೂ ಅಲ್ಲ. ಮನೆಯಿಂದ ಕನಿಷ್ಠ 20 ಅಡಿ ದೂರ ಇರಬೇಕು. ಅದರ ಹೊಗೆಗೆ ವಾಸನೆ ಇದ್ದರೂ ಕೊಲ್ಲುವ ಅನಿಲಕ್ಕೆ ವಾಸನೆ ಇಲ್ಲ.

ಹಾಗಾದರೆ ಮತ್ತೆ ಅಟ್ಲಾಂಟಾವಾ? ಬೇಡ. ಇದರಲ್ಲಿ ನಿಮ್ಮ ಮನೆಯವರ ಪರವೇ ನಾನು. ಆ ತಪ್ಪು ನಾನೂ ಮಾಡಿದ್ದೇನೆ, ಈ ಕೆಲಸದಲ್ಲಿ ಇದ್ದುಕೊಂಡೇ. ಇರ್ಮಾ ಬಂದಾಗ ನಾನು ಡ್ಯೂಟಿಯಲ್ಲಿ ಉಳಿದು, ಹೆಂಡತಿ ಮತ್ತು ಅತ್ತೆಯನ್ನು ಅಟ್ಲಾಂಟಾಕ್ಕೆ ಕಳಿಸಿದೆ. ಐ-75 ರಸ್ತೆಯಲ್ಲಿ ಕಾರು ಆಮೆಯ ಹಾಗೆ. ಸಾಲಾಗಿ ಐದು ಬಂಕ್‌ಗಳಲ್ಲಿ ಪೆಟ್ರೋಲ್ ಇಲ್ಲ, ಪೈಪಿಗೆ ಹಳದಿ ಪ್ಲಾಸ್ಟಿಕ್ ಚೀಲ ಸುತ್ತಿಟ್ಟಿದ್ದಾರೆ. ಎಸಿ ಹಾಕಿದರೆ ಪೆಟ್ರೋಲ್ ಮುಗಿಯುತ್ತದೆ ಅಂತ ಕಿಟಕಿ ಇಳಿಸಿಕೊಂಡು ಹೋದರು. ಚಿತ್ರಾನ್ನದ ಡಬ್ಬಿ ಮಧ್ಯಾಹ್ನಕ್ಕೇ ಹುಳಿ ಬಂತು. ತಲುಪಿದಾಗ ಅತ್ತೆಯ ಕಾಲು ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ. ಇರ್ಮಾ ಅವರ ಹಿಂದೆಯೇ ಅಲ್ಲಿಗೂ ಹೋಯಿತು. ಅಟ್ಲಾಂಟಾ ಊರಿಗೆ ಅದೇ ಮೊದಲ ಸಲ ಉಷ್ಣವಲಯದ ಚಂಡಮಾರುತದ ಎಚ್ಚರಿಕೆ ಹೊರಡಿಸಿದ್ದರು. ಅಲ್ಲೂ ಕರೆಂಟ್ ಹೋಯಿತು. ಅತ್ತೆ ಏನೂ ಅನ್ನಲಿಲ್ಲ, ‘ಮನೆಯಲ್ಲೇ ಕತ್ತಲೆ ಇತ್ತಲ್ಲ’ ಅಂದರು ಅಷ್ಟೇ.

ದೂರ ಓಡುವುದಕ್ಕೂ ಬೆಲೆ ಇದೆ. 2005ರಲ್ಲಿ ರೀಟಾಗೆ ಹೆದರಿ ಹ್ಯೂಸ್ಟನ್ ಕಡೆಯಿಂದ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಜನ ಒಟ್ಟಿಗೇ ರಸ್ತೆಗಿಳಿದರು. ಅದರಲ್ಲಿ ಎಷ್ಟೋ ಮಂದಿಯ ಮನೆಗೆ ನೀರಿನ ಭಯವೇ ಇರಲಿಲ್ಲ. ಸುಡು ಬಿಸಿಲು, ನಿಂತಲ್ಲೇ ನಿಂತ ಗಾಡಿಗಳು. ವೃದ್ಧರನ್ನು ಕರೆದೊಯ್ಯುತ್ತಿದ್ದ ಒಂದು ಬಸ್ಸಿಗೆ ಡಲ್ಲಾಸ್ ಹತ್ತಿರ ಬೆಂಕಿ ಬಿದ್ದು 23 ಜನ ಹೋದರು. ಟೆಕ್ಸಾಸ್‌ನಲ್ಲಿ ಚಂಡಮಾರುತ ನೇರವಾಗಿ ಕೊಂದವರಿಗಿಂತ ಆ ಓಟದಲ್ಲಿ ಸತ್ತವರೇ ಜಾಸ್ತಿ. ಇನ್ನು ಬೆಟ್ಟಗುಡ್ಡದ ಕಡೆ ಹೋದರೆ ಬಚಾವ್ ಅನ್ನುವ ನಂಬಿಕೆ ಹೆಲೀನ್‌ನಲ್ಲೇ ಮುರಿದುಬಿತ್ತು. ನಾರ್ತ್ ಕ್ಯಾರೊಲಿನಾದ ಆಶ್‌ವಿಲ್ ಸಮುದ್ರಮಟ್ಟದಿಂದ ಎರಡು ಸಾವಿರ ಅಡಿ ಮೇಲಿದೆ, ಕಡಲಿನಿಂದ ನೂರಾರು ಮೈಲಿ ದೂರ. ಅಲ್ಲಿನ ಹೊಳೆಗಳು ಉಕ್ಕಿ ಊರುಗಳೇ ಕೊಚ್ಚಿಹೋದವು. ಆ ಒಂದು ರಾಜ್ಯದಲ್ಲೇ ನೂರಕ್ಕೂ ಹೆಚ್ಚು ಸಾವು.

ನೀರಿನಿಂದ ತಪ್ಪಿಸಿಕೊಳ್ಳಲು ನೂರಾರು ಮೈಲಿ ಬೇಕಿಲ್ಲ. ಕೆಲವರಿಗೆ ಹತ್ತು ಮೈಲಿ ಸಾಕು. ಸೇಂಟ್ ಪೀಟ್ ಊರೊಳಗೇ ಯಾವ ಝೋನೂ ಇಲ್ಲದ ಎತ್ತರದ ಬೀದಿಗಳಿವೆ. ಆದರೆ ನಿಮ್ಮ ಮನೆಯ ವಯಸ್ಸಾದವರನ್ನು ನೆನೆದರೆ ನಾನು ಬ್ರ್ಯಾಂಡನ್ ಅನ್ನುತ್ತೇನೆ. ಪಿನೆಲಾಸ್ ಮೂರು ಕಡೆ ನೀರಿರುವ ಜಾಗ. ಸೇತುವೆ ಮುಚ್ಚಿದರೆ ಒಳಗಿನವರು ಒಳಗೇ. ಕೊಲ್ಲಿ ದಾಟಿಬಿಟ್ಟರೆ ಆಸ್ಪತ್ರೆಗೋ ಇನ್ನೂ ಒಳನಾಡಿಗೋ ಹೋಗಲು ದಾರಿ ಉಳಿಯುತ್ತದೆ.

ಆದರೆ ಸ್ನೇಹಿತರ ಮನೆ ಅಂತ ಕಣ್ಣು ಮುಚ್ಚಿಕೊಂಡು ಹೋಗಬೇಡಿ, ಅವರ ವಿಳಾಸವನ್ನೂ ಅವರ ಕೌಂಟಿಯ ನಕ್ಷೆಯಲ್ಲಿ ಹಾಕಿ ನೋಡಿ. ಅಲಾಫಿಯಾ ಹೊಳೆ ಆ ಕಡೆಯೇ ಹರಿಯುತ್ತದೆ. ಮಳೆ ನಿಂತು ಬಿಸಿಲು ಬಂದ ಮೇಲೂ ಹೊಳೆ ಏರುತ್ತಲೇ ಇರುತ್ತದೆ. ಮನೆಯ ಹಿಂದೆ ಕೆರೆಯೋ ಹೊಂಡವೋ ಇದೆಯಾ ಕೇಳಿ. 2002ರ ನಂತರ ಕಟ್ಟಿದ್ದಾದರೆ ಹೊಸ ಕಟ್ಟಡ ನಿಯಮದ ಪ್ರಕಾರ ಇರುತ್ತದೆ, ಗಾಳಿಗೆ ಗಟ್ಟಿ. ಮೊಬೈಲ್ ಹೋಮ್ (ಕಾರ್ಖಾನೆಯಲ್ಲಿ ಮಾಡಿ ತಂದು ನಿಲ್ಲಿಸುವ ಹಗುರ ಮನೆ) ಆಗಿದ್ದರೆ ಅದು ಎಲ್ಲೇ ಇರಲಿ, ಬೇಡ. ಮಿಲ್ಟನ್ ದಿನ ಸುಂಟರಗಾಳಿ ಎದ್ದು ಆರು ಜನ ಸತ್ತದ್ದು ಅಂಥ ಮನೆಗಳ ಬಡಾವಣೆಯಲ್ಲೇ. ಅದೂ ಚಂಡಮಾರುತ ಬಡಿದ ಪಶ್ಚಿಮ ದಂಡೆಯಲ್ಲಲ್ಲ, ಪೂರ್ವ ದಂಡೆಯ ಸೇಂಟ್ ಲೂಸಿ ಕೌಂಟಿಯಲ್ಲಿ.

ಒರ್ಲ್ಯಾಂಡೊ ಎರಡನೆಯದಾಗಿ ಇರಲಿ. ಅಲ್ಲಿ ಸರ್ಜ್ ಇಲ್ಲ. ಮಳೆ ಉಂಟು, ಇಯಾನ್‌ನಲ್ಲಿ ಅಲ್ಲೂ ಬಡಾವಣೆಗಳು ಮುಳುಗಿದ್ದವು. ಐ-4 ರಸ್ತೆ ಜಾಮ್ ಆದರೆ ಎರಡು ಗಂಟೆಯ ದಾರಿ ಐದಾಗುತ್ತದೆ, ಆರೂ ಆಗಬಹುದು. ಅದಕ್ಕೇ ಬೇಗ ಹೊರಟರೆ ಮಾತ್ರ ಅದು.

ಎರಡೂ ಕೂಡಿಬರದಿದ್ದರೆ ಕೌಂಟಿಯವರ ಶೆಲ್ಟರ್. ‘ಅಪ್ಪ-ಅಮ್ಮ ವಿಸಿಟರ್ ವೀಸಾದಲ್ಲಿದ್ದಾರೆ, ಒಳಗೆ ಬಿಡುತ್ತಾರಾ’ ಅಂತ ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. ಬಿಡುತ್ತಾರೆ, ಅಮೆರಿಕದವರೇ ಆಗಿರಬೇಕೆಂದಿಲ್ಲ. ಪಾಸ್‌ಪೋರ್ಟ್ ಹೇಗೂ ಜೊತೆಗಿರಲಿ, ಮನೆಯಲ್ಲಿ ಬಿಟ್ಟು ಒದ್ದೆಯಾದರೆ ಊರಿಗೆ ವಾಪಸ್ ಹೋಗುವುದು ಹೇಗೆ? ಆದರೆ ಶೆಲ್ಟರ್ ಅಂದರೆ ಶಾಲೆಯ ಗಟ್ಟಿ ಕಟ್ಟಡ, ನೆಲ, ಎಡೆಬಿಡದ ಟ್ಯೂಬ್‌ಲೈಟ್. ಮಂಚ ಕೊಡುವುದಿಲ್ಲ. ನೆಲದಿಂದ ಏಳಲಾರದ ಅಮ್ಮನಿಗೆ ಮಡಿಸುವ ಕುರ್ಚಿಯೋ ಕ್ಯಾಂಪಿಂಗ್ ಮಂಚವೋ ನೀವೇ ಒಯ್ಯಬೇಕು. ಸಸ್ಯಾಹಾರಿಗಳಾದರೆ ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಕೋಡುಬಳೆ ಇಟ್ಟುಕೊಳ್ಳಿ. ನಾನು ನೋಡಿದ ಶೆಲ್ಟರ್‌ಗಳಲ್ಲಿ ಬ್ರೆಡ್ಡಿಗಿಂತ ಹೆಚ್ಚಿನದು ಸಿಕ್ಕಿದ್ದು ಕಮ್ಮಿ.

ಇನ್ಸುಲಿನ್ ವಿಷಯ. ಬಳಸುತ್ತಿರುವ ಪೆನ್ ಅಥವಾ ಬಾಟಲಿ ಸಾಮಾನ್ಯವಾಗಿ 30 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಸುಮಾರು 28 ದಿನ ಇರುತ್ತದೆ. ಡಬ್ಬಿಯ ಮೇಲಿನದನ್ನು ಓದಿ, ಒಂದೊಂದಕ್ಕೆ ಒಂದೊಂದು ಲೆಕ್ಕ ಇದೆ. ಐಸ್ ಮೇಲೆ ನೇರ ಇಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಊರಿನಿಂದ ತಂದ ಮಾತ್ರೆಗಳನ್ನೆಲ್ಲ ಒಂದೇ ಚೀಲದಲ್ಲಿ, ಇಲ್ಲಿನ ಔಷಧಿ ಅಂಗಡಿಯವರಿಗೆ ಅರ್ಥವಾಗುವಂತೆ ಔಷಧದ ಮೂಲ ಹೆಸರು ಬರೆದ ಚೀಟಿಯ ಜೊತೆ ಇಡಿ. ಊರಿನ ಬ್ರ್ಯಾಂಡ್ ಹೆಸರು ಹೇಳಿದರೆ ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮಲ್ಲಿ ಎಲೆಕ್ಟ್ರಿಕ್ ಕಾರಿದ್ದರೆ ಅದನ್ನು ತಗ್ಗಿನ ಗ್ಯಾರೇಜ್‌ನಲ್ಲಿ ಬಿಟ್ಟು ಹೋಗಬೇಡಿ. ಉಪ್ಪುನೀರು ಹೊಕ್ಕ ಬ್ಯಾಟರಿಗಳಿಗೆ ಹೆಲೀನ್‌ನಲ್ಲಿ ಬೆಂಕಿ ಹತ್ತಿದ್ದಿದೆ.

ಯಾವಾಗ ಹೊರಡಬೇಕು? ಆದೇಶ ಬರಲಿ ಅಂತ ಕಾಯುವುದು ನಿಮ್ಮಂಥ ಮನೆಗೆ ತಡವಾಯಿತು. ನ್ಯಾಷನಲ್ ಹರಿಕೇನ್ ಸೆಂಟರ್‌ನವರು ‘ಸ್ಟಾರ್ಮ್ ಸರ್ಜ್ ವಾಚ್’, ಅಂದರೆ ಸರ್ಜ್ ಬರಬಹುದು ಅನ್ನುವ ಮುನ್ಸೂಚನೆ, ಅಂತ ಹಾಕುತ್ತಾರೆ, ಸುಮಾರು 48 ಗಂಟೆ ಮುಂಚೆ. ‘ವಾರ್ನಿಂಗ್’ ಬರುವುದು ಸುಮಾರು 36 ಗಂಟೆ ಮುಂಚೆ. ನಿಮ್ಮ ದಂಡೆಗೆ ಸರ್ಜ್ ವಾಚ್ ಬಿತ್ತು ಅಂದರೆ ಅವತ್ತೇ ಬ್ರ್ಯಾಂಡನ್‌ಗೆ ಹೊರಡಿ, ಹಗಲಿನಲ್ಲಿ. ನಿರಂತರ ಗಾಳಿ ಗಂಟೆಗೆ 40 ಮೈಲಿ ಮುಟ್ಟಿದರೆ ಕೊಲ್ಲಿ ದಾಟುವ ಸನ್‌ಶೈನ್ ಸ್ಕೈವೇ ಸೇತುವೆ ಮುಚ್ಚುತ್ತಾರೆ. ಅಂದರೆ ಕಣ್ಣು ಬರುವುದಕ್ಕೆ ಎಷ್ಟೋ ಗಂಟೆ ಮುಂಚೆ. ವಿಮಾನ ನಂಬಬೇಡಿ. ಮಿಲ್ಟನ್ ದಡ ಹತ್ತುವ ಹಿಂದಿನ ದಿನ ಬೆಳಿಗ್ಗೆಯೇ ಟ್ಯಾಂಪಾ ವಿಮಾನ ನಿಲ್ದಾಣ ಮುಚ್ಚಿತ್ತು.

ಹೋಗಿ, ಏನೂ ಆಗದೆ ವಾಪಸ್ ಬರಬಹುದು. ನಾಲ್ಕರಲ್ಲಿ ಮೂರು ಸಲ ಹಾಗೇ ಆದರೂ ನನಗೆ ಆಶ್ಚರ್ಯವಿಲ್ಲ. ಬ್ರ್ಯಾಂಡನ್ ಆದರೆ ಅದು ಸ್ನೇಹಿತರ ಮನೆಯಲ್ಲಿ ಎರಡು ರಾತ್ರಿ ಮಲಗಿ, ಬಿಸಿಬೇಳೆಭಾತ್ ಉಂಡು ಬಂದ ಹಾಗೆ. ಅಟ್ಲಾಂಟಾ ಡ್ರೈವ್ ಆದರೆ ಮುಂದಿನ ಸಲ ಹೊರಡಲು ಕಾಲೇ ಏಳುವುದಿಲ್ಲ. ಹತ್ತಿರದ ಜಾಗ ಆರಿಸಿ ಅಂತ ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಇನ್ನು ತಂದೆಯವರು. ಅವರಿಗೆ ನೆರೆ ಗೊತ್ತಿಲ್ಲ ಅಂತ ಹೇಳಲು ಹೋಗಬೇಡಿ, ಗೊತ್ತಿದೆ. ಶಿವಮೊಗ್ಗದಲ್ಲಿ ತುಂಗೆ ಏರಿದಾಗ ಜನ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ನೋಡಲು ಹೋಗುತ್ತಾರೆ. ಮಂಟಪ ಮುಳುಗಿತು ಅಂದರೆ ಊರಿಗೆ ಸೂಚನೆ ಸಿಕ್ಕ ಹಾಗೆ. ಅಲ್ಲಿ ಮೇಲೆ ಘಟ್ಟದಲ್ಲಿ ಮಳೆ ಸುರಿದು, ಹೊಳೆ ತುಂಬಿ, ಕಣ್ಣೆದುರೇ ನೀರು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಸಾಮಾನು ಎತ್ತಿಡಲು ಹೊತ್ತು ಸಿಗುತ್ತದೆ. ಇಲ್ಲಿ ಹಾಗಲ್ಲ. ಸೇತುವೆ ಮುಚ್ಚಿ, ಗಾಳಿ ಎದ್ದು, ಕರೆಂಟ್ ಹೋಗಿ, ಆಮೇಲೆ ಕತ್ತಲಲ್ಲಿ ನೀರು ಬರುತ್ತದೆ. ನೋಡಿಕೊಂಡು ಹೊರಡೋಣ ಅಂದರೆ ನೋಡುವ ಹೊತ್ತಿಗೆ ದಾರಿ ಇರುವುದಿಲ್ಲ.

ಅವರಿಗೆ ಒಂದು ಕೆಲಸ ಕೊಡಿ. ಹರಿಕೇನ್ ಸೆಂಟರ್‌ನ ಬುಲೆಟಿನ್ ಬೆಳಿಗ್ಗೆ 5, 11, ಸಂಜೆ 5, ರಾತ್ರಿ 11ಕ್ಕೆ ಬರುತ್ತದೆ. ಮಂಟಪ ನೋಡುತ್ತಿದ್ದವರು ಅದನ್ನು ನೋಡಲಿ. ಅದರಲ್ಲಿ ಸರ್ಜ್ ಎಷ್ಟು ಅಡಿ ಅಂತ ಊರೂರಿಗೆ ಬರೆದಿರುತ್ತದೆ, ಟ್ಯಾಂಪಾ ಬೇ ಅಂತ ಇರುವ ಸಾಲನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಲಿ. ಮುಂದಿನ ಭಾನುವಾರ ಸುಮ್ನೆ ಕಾಫಿಗೆ ಅಂತ ಎಲ್ಲರೂ ಕಾರಲ್ಲಿ ಬ್ರ್ಯಾಂಡನ್‌ಗೆ ಹೋಗಿ ಬನ್ನಿ. ಅಮ್ಮ ಆ ಮನೆಯ ಮೆಟ್ಟಿಲು ಹತ್ತುತ್ತಾರಾ, ಸ್ನಾನದ ಮನೆಯಲ್ಲಿ ಹಿಡಿದುಕೊಳ್ಳಲು ಏನಾದರೂ ಇದೆಯಾ ನೋಡಿ. ಎಷ್ಟು ಹೊತ್ತಾಯಿತು ಅಂತ ತಂದೆಯವರೇ ಗಡಿಯಾರ ನೋಡಿ ಹೇಳಲಿ.